ಕುದಿಸದೆ ಉಳಿದದ್ದು

ಆ ಮಾತು ನಾ ಹುಟ್ಟಿಸಿದ್ದಲ್ಲ.
ಸೇಡಂ ಆಚಿ ಈ ಸಣ್ಣ ದವಾಖಾನಿಗೆ ನಾ ಬಂದ ಮೊದಲ ವಾರ
ಸುಗಂಧಾ ಸಿಸ್ಟರ್ ಕತ್ರಿ, ಕ್ಲಾಂಪು, ಬಟ್ಟಲ ತೋರಿಸಿದಂಗ
ಅದನ್ನೂ ತೋರಿಸಿದರು.
ಟೇಬಲ್ ಮ್ಯಾಲಿನಾಕಿ ತೊಡಿಗೆ ಫಟ್ ಅಂತ ಒಂದು ಕೊಟ್ಟು:
‘ಗಂಡನ ಬಾಜೂಕ ಮಲಗೋವಾಗ ಚೀರಿದ್ದೇನು?
ಈಗ್ಯಾಕ ಬೊಬ್ಬಿ ಹೊಡೀತಿ?’
ಆಯಾ ನಕ್ಕಳು.
ನಾನೂ ನಕ್ಕೆ. ಇಪ್ಪತ್ತೆರಡು ವರ್ಷದಾಕಿ, ಮದಿವಿ ಆಗಿರಲಿಲ್ಲ,
ನಗದಿದ್ರ ಹೊರಗಿನಾಕಿ ಆಗ್ತೀನಿ ಅಂತ ನಕ್ಕೆ.

ಸುಗಂಧಾ ಸಿಸ್ಟರಿಗೆ ಅದನ್ನ ಟ್ರೇನಿಂಗಿನಾಗ ಯಾರೋ ಕೊಟ್ಟಿದ್ದರಂತ,
ಅವರಿಗೆ ಮತ್ಯಾರೋ.
ಟೇಬಲ್ ಮೂರು ಸಲ ಬದಲಾಗ್ಯಾದ ಈ ಖೋಲ್ಯಾಗ,
ಮಾತು ಅದೇ ಅದ.
ಉಳಿದದ್ದೆಲ್ಲಾ ನಾವು ಕುದಿಸಿ ತೊಳೀತೀವಿ.

ಹನ್ನೊಂದು ವರ್ಷ ಆಡಿದೆ ಅದನ್ನ.
ಖಣಿಯಾಗ ಕಲ್ಲು ಹೊರೋ ಹೆಣಮಕ್ಕಳಿಗೆ,
ತಾಂಡಾದಿಂದ ಟಂಟಂನಾಗ ಬಂದು
‘ಯಾಡಿ, ಯಾಡಿ’ ಅಂತ ನರಳೋ ಹುಡುಗೇರಿಗೆ,
ಐದನೇ ಹೆರಿಗಿಗೆ ಬಂದ ಜೈತುನಬೀಗ
ತುಸು ಜಾಸ್ತೀನೇ.
ಪರದಿ ಇರಲಿಲ್ಲ, ನಾವು ಕೇಳಿದ್ದೂ ಇಲ್ಲ.
ಕರೆಂಟ್ ಹೋದ್ರ ವಾಚ್‌ಮನ್ ಗುರುಬಸಪ್ಪ
ಟಾರ್ಚ್ ಹಿಡಕೊಂಡು ಒಳಗೇ ಬಂದು ನಿಲ್ತಿದ್ದ.
ಜೈತುನಬೀ ಮುಖ ಗ್ವಾಡಿಗಿ ತಿರುವಿದಳು;
ಬ್ಯಾನಿ ಜೋರಾಗ್ಯಾದ ಅಂದಕೊಂಡೆ ನಾ.

ಆಮ್ಯಾಲ ಆ ಮೇ ತಿಂಗಳ ರಾತ್ರಿ.
ಎರಡು ಗಂಟಿ ಆದ್ರೂ ಫರ್ಸಿ ಕಾವು ಬಿಟ್ಟಿರಲಿಲ್ಲ.
ಜಗದೇವಿ, ಹತ್ತೊಂಬತ್ತು, ಚೊಚ್ಚಲ.
ಚೀರಲಿಲ್ಲ.
‘ಯವ್ವಾ’ ಸುದ್ದಾ ಅನ್ನಲಿಲ್ಲ.
ಇನ್ನೂ ಹೊತ್ತದ ಅಂತ ನಾ ರಿಜಿಸ್ಟರ್ ಬರಕೋತ ಕುಂತೆ,
ಚಾ ಕುಡದೆ, ಆರಿದ್ದು.
ಏನೋ ತಟಕ್ ಅಂದಂಗಾಗಿ ತಿರುಗಿದರ
ಕೂಸಿನ ತಲಿ ಹೊರಗ,
ಆಕಿ ಮುಂಗೈ ಬಾಯಾಗ,
ಬಳಿ ಒಡದು ಹಲ್ಲಿಗೆ ರಕ್ತ.

ಕೂಸು ಅತ್ತಿತು. ಖೋಲ್ಯಾಗ ಅತ್ತದ್ದು ಅದೊಂದೇ.
ಮುಂಗೈಗಿ ಪಟ್ಟಿ ಕಟ್ಟಕೋತ ಕೇಳಿದೆ:
ಯಾಕವ್ವಾ, ಒಂದು ಸಲ ಕರೀಬಾರದೇನು?
ಭಾಳ ಮರ್ಯಾದಿಲೆ ಅಂದಳು:
‘ಇಲ್ರಿ ಬಾಯಾರ, ನಮ್ಮಕ್ಕ ಹೇಳಿ ಕಳಿಸ್ಯಾಳ,
ಬಾಯಿ ತಗದರ ಬಡೀತಾರ ಅಂತ.
ಆಕಿದು ನೀವೇ ಮಾಡಿಸಿದ್ರಂತ.
ಛಲೋ ಮಾಡಿಸಿದ್ರು ಅಂತಾಳ್ರಿ.’

ಅಕ್ಕನ ಹೆಸರು ಕೇಳಿದೆ. ಹೇಳಿದಳು.
ಮುಖ ನೆನಪಿಗಿ ಬರಲಿಲ್ಲ.
ಹಳೇ ರಿಜಿಸ್ಟರ್ ತಗದು ಬೆಳಕಾಗೋತನ ಹುಡುಕಿದೆ:
ಗಂಡು, ಎರಡು ಕೇಜಿ ಎಂಟುನೂರು,
ತಾಯಿ ಮಗು ಆರೋಗ್ಯ.
ನಂದೇ ಅಕ್ಷರ. ದುಂಡಗ, ಛಂದ.

ಈಗ ನಾ ಭಾಳ ಸುಧಾರಿಸೀನಿ ಅಂತ ತಿಳೀಬ್ಯಾಡ್ರಿ.
ಹಳೇ ಸೀರಿ ಎರಡು ಕೂಡಿಸಿ ಹೊಲದು ಪರದಿ ಕಟ್ಟೀನಿ, ಅಷ್ಟೇ.
ಗುರುಬಸಪ್ಪ ಟಾರ್ಚ್ ಬಾಗಲಾಗ ಕೊಟ್ಟು
ಬೇವಿನ ಗಿಡದ ತನಕ ಹೋಗಿ ಬೀಡಿ ಹಚ್ತಾನ.
ನಂಬರ್ ಬಿಟ್ಟು ಹೆಸರು ಕೇಳ್ತೀನಿ.
ಅವ್ವನೋ ಅತ್ತಿನೋ, ಕೈ ಹಿಡೀಲಕ ಒಬ್ಬರು ಒಳಗ ಇರಲಿ ಅಂತೀನಿ;
ಡಾಕ್ಟರ್ ಒಮ್ಮೊಮ್ಮೆ ಬೈತಾರ.

ಖರೆ, ಹೋದ ಬುಧವಾರ
ನಾಕು ಹೆರಿಗಿ, ನಾ ಒಬ್ಬಾಕಿ, ಬ್ಯಾಟರಿ ಸತ್ತು ಬಿದ್ದದ,
ಟೇಬಲ್ ಮ್ಯಾಲಿನಾಕಿ ಕಾಲು ಝಾಡಿಸಿ ನನ್ನ ಎದಿಗಿ ಒದ್ದಾಳ.
ಆ ಮಾತು ಬಂದು ಕುಂತಿತ್ತು ನಾಲಿಗಿ ಮ್ಯಾಲ,
ತವರಿಗಿ ಬಂದ ಮಗಳಂಗ, ಹೇಳದೆ ಕೇಳದೆ,
ತನ್ನ ಜಾಗ ತನಗ ಗೊತ್ತಿದ್ದಂಗ.

ಬಾಜೂಕ ಹೊಸ ಟ್ರೇನಿಂಗ್ ಹುಡುಗಿ.
ಇಪ್ಪತ್ತೆರಡೇ ಇರಬೇಕು.
ನನ್ನ ಬಾಯೇ ನೋಡ್ತಿದ್ದಳು.

ಕತ್ರಿ ಅಲ್ಲದ ನೋಡು ಅಂದೆ. ಕ್ಲಾಂಪು ಇಲ್ಲಿ.
ಮತ್ತ ಆ ಒದ್ದಾಕಿಗಿ ಅಂದೆ:
ಚೀರವ್ವಾ.
ಊರು ಎದ್ದರ ಏಳಲಿ.